ತಿರುಳು ತೆಗೆದ ಬೇಗಲ್

"ಒಂದು ಇಡಿಗೋಧಿ ಬೇಗಲ್. ತಿರುಳು ಪೂರ್ತಿ ತೆಗೆದುಬಿಡಿ. ಚೀಸ್ ಅರ್ಧ ಮಾತ್ರ ಹಚ್ಚಿ, ಇನ್ನರ್ಧ ಬೇರೆ ಇಡಿ. ಮೊಟ್ಟೇದು ಬಿಳಿ ಭಾಗ ಸಾಕು. ಟೊಮೆಟೊ ಎಷ್ಟು ಹಾಕಿದ್ರೂ ಪರವಾಗಿಲ್ಲ. ಕಾಫಿಗೆ ಸಕ್ಕರೆ ಬೇಡ."

ಕೌಂಟರಿನ ಹೆಂಗಸು ಆಗಲೇ ಬೇಗಲ್ಲನ್ನು ಅಡ್ಡಕ್ಕೆ ಸೀಳಿ, ಬೆರಳು ಬಾಗಿಸಿ ಒಳಗಿನ ಮೆತ್ತನೆಯದನ್ನು ಕೀಳುತ್ತಿದ್ದಳು. "ಅಕ್ಕ, ನೀವು ಬಾಗಿಲು ತಳ್ಳಿದ ಕೂಡ್ಲೆ ನನ್ನ ಕೈ ತಾನಾಗೇ ಚಾಕು ಹುಡುಕುತ್ತೆ. ದಿನಾ ಅದನ್ನೇ ಯಾಕೆ ಹೇಳ್ತೀರಿ?"

"ಹೇಳ್ದೆ ಇದ್ರೆ ಒಂದಿನ ಮರೀತೀರಿ. ನೀವು ಮರೆತ ದಿನಾನೇ ಇವರಿಗೆ ಏನಾದ್ರೂ ಆಗೋದು."

'ಇವರು' ಎಂದರೆ ಅವಳ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದ ಗಂಡ. ಅವನು ಗಾಜಿನ ಪೆಟ್ಟಿಗೆಯ ಕಡೆ ನೋಡುತ್ತಿದ್ದ. ಎಳ್ಳು ಮೆತ್ತಿದವು, ಬೆಣ್ಣೆ ಸವರಿ ಮಿರಮಿರ ಮಿಂಚುವವು, ಒಣದ್ರಾಕ್ಷಿ ಹೂತಿಟ್ಟವು ಸಾಲಾಗಿ ಕೂತಿದ್ದವು. ಬೇಗಲ್ ಎಂಬುದು ನಡುವೆ ತೂತಿರುವ ದುಂಡನೆಯ ಬ್ರೆಡ್ಡು. ಮೊದಲು ಕುದಿನೀರಿನಲ್ಲಿ ಅದ್ದಿ ತೆಗೆದು ಆಮೇಲೆ ಒಲೆಯಲ್ಲಿ ಸುಡುವುದರಿಂದ ಹೊರಗಡೆ ಗಟ್ಟಿ, ಒಳಗಡೆ ಹತ್ತಿ. ತಿನ್ನುವವರು ತಿನ್ನುವುದೇ ಆ ಒಳಗಿನದಕ್ಕಾಗಿ. ಅದನ್ನೇ ಕಿತ್ತು ತೆಗೆಸುವವರೂ ಇದ್ದಾರೆ. ತೂಕ ಇಳಿಸುವವರು, ಸಕ್ಕರೆ ಕಾಯಿಲೆಯವರು ಬಂದು ಕೇಳಿದರೆ ಅಂಗಡಿಯವರು ಬೇಸರಿಸದೆ ಮಾಡಿಕೊಡುತ್ತಿದ್ದರು.

"ಇದನ್ನ ಕಸಕ್ಕೆ ಹಾಕ್ಲಾ?" ಎಂದು ಕೌಂಟರಿನಾಕೆ ತಿರುಳಿನ ಮುದ್ದೆಯನ್ನು ಎತ್ತಿ ತೋರಿಸಿದಳು. ಇದೂ ದಿನಾ ಕೇಳುವ ಮಾತೇ.

"ಅಯ್ಯೋ, ಬಿಸಿ ಬಿಸಿ ಬ್ರೆಡ್ಡನ್ನ ಯಾರಾದ್ರೂ ಕಸಕ್ಕೆ ಹಾಕ್ತಾರಾ? ಕಾಗದದಲ್ಲಿ ಸುತ್ತಿಕೊಡಿ."

ತಿರುಳಿನ ಜೊತೆ ಮಿಕ್ಕ ಚೀಸೂ ಹೋಯಿತು. ತಿಂಡಿಯ ಸೆಟ್ಟಿನಲ್ಲಿ ಒಂದು ಲೋಟ ಹಣ್ಣಿನ ರಸ, ಒಂದು ಪೊಟ್ಟಣ ಜಾಮ್ ಬರುತ್ತಿತ್ತು. ಅವೆರಡೂ ಅವನಿಗೆ ವಿಷ ಎಂದು ವೈದ್ಯರು ಹೇಳಿದ್ದರಿಂದ ಅವನ್ನೂ ಅವಳ ಚೀಲಕ್ಕೆ ಹಾಕಿದರು. ಅವಳು ತನಗೆಂದು ಏನನ್ನೂ ಕೇಳಲಿಲ್ಲ. ಅವಳು ಬೆಳಗಿನ ತಿಂಡಿ ತಿನ್ನುವವಳಲ್ಲ. ಯಾರು ಕೇಳಿದರೂ ಹಾಗೇ ಹೇಳುತ್ತಿದ್ದಳು, ಸುಳ್ಳೆಂದು ಅವಳಿಗೆ ಒಮ್ಮೆಯೂ ಅನಿಸಿರಲಿಲ್ಲ.

ಗಂಡ ಬಸ್ ಡ್ರೈವರ್. ಅಥವಾ ಡ್ರೈವರ್ ಆಗಿದ್ದವನು ಎನ್ನಬೇಕೇನೋ. ಡಿಪೋದಲ್ಲಿ ಎಲ್ಲರೂ ಅವನನ್ನು 'ಕ್ಯಾಪ್ಟನ್' ಎನ್ನುತ್ತಿದ್ದರು. ಎಂಥ ಇಕ್ಕಟ್ಟಿನ ತಿರುವಿನಲ್ಲೂ ಹಡಗು ತಿರುಗಿಸಿದ ಹಾಗೆ ಬಸ್ಸನ್ನು ನಯವಾಗಿ ತಿರುಗಿಸುತ್ತಿದ್ದ ಎಂದು ಇಟ್ಟ ಹೆಸರು. ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯಲ್ಲಿ ಅವನ ರಕ್ತದ ಸಕ್ಕರೆ ಮೇಲೇರಿ ಕೂತಿತ್ತು. ಇಂಥವನ ಕೈಗೆ ಸ್ಟಿಯರಿಂಗ್ ಕೊಟ್ಟು ಅಷ್ಟು ಜನರನ್ನು ಕೂರಿಸಲು ಆಗದು ಎಂದು ಡಿಪೋ ವೈದ್ಯರು ಬರೆದರು. ಮುಂದಿನ ತಪಾಸಣೆಯೊಳಗೆ ಇಳಿದರೆ ಬಸ್ಸು, ಇಳಿಯದಿದ್ದರೆ ಬಸ್ಸಿನ ಆಸೆ ಬಿಡುವುದು. ಅಲ್ಲಿಯವರೆಗೆ ಬಸ್ ತೊಳೆಯುವ ಅಂಗಳದಲ್ಲಿ ಡ್ಯೂಟಿ. ಅವನು ರಬ್ಬರ್ ಬೂಟು ಹಾಕಿಕೊಂಡು, ತಾನು ಓಡಿಸುತ್ತಿದ್ದ ಬಸ್ಸಿಗೇ ಕೊಳವೆ ಹಿಡಿದು ನೀರು ಬಿಡತೊಡಗಿದ. 'ಕ್ಯಾಪ್ಟನ್' ಎಂಬ ಹೆಸರು ಹಾಗೇ ಉಳಿಯಿತು. ಈಗ ಹಾಗೆ ಕರೆಯುವವರ ಮುಖದಲ್ಲಿ ಸಣ್ಣ ನಗೆ ಸೇರಿಕೊಂಡಿತು.

ಅವನು ಆ ಸುದ್ದಿ ತಂದ ದಿನ ಊಟ ಮಾಡದೆ ಗೋಡೆ ನೋಡುತ್ತ ಕೂತಿದ್ದನ್ನು ಅವಳು ಕಂಡಿದ್ದಳು. ಅವನು ಅಳುವ ಗಂಡಸಲ್ಲ. ಆದರೆ ಕೂತಲ್ಲೇ ಅವನ ಎರಡೂ ಕೈ ತೊಡೆಯ ಮೇಲೆ ದುಂಡಗೆ, ಚಕ್ರ ಹಿಡಿದ ಹಾಗೆ ಮಡಿಚಿಕೊಂಡಿದ್ದವು. ಆ ಕೈಗಳನ್ನು ನೋಡಿ ಅವಳು ಸೆರಗಿಗೆ ಗಂಟು ಹಾಕಿಕೊಂಡವಳಂತೆ ನಿರ್ಧಾರ ಮಾಡಿದಳು. ಸ್ಟಿಯರಿಂಗನ್ನು ತಾನೇ ವಾಪಸ್ ತಂದುಕೊಡಬೇಕು.

ಮನೆಯ ಊಟ ಅವಳ ಕೈಯಲ್ಲೇ ಇತ್ತು, ಅದಕ್ಕೇನೂ ಕಷ್ಟವಿರಲಿಲ್ಲ. ತೊಂದರೆ ಬೆಳಗಿನ ತಿಂಡಿಯದು. ಡಿಪೋ ಎದುರಿನ ಈ ಅಂಗಡಿಯಲ್ಲಿ ಡ್ರೈವರುಗಳೆಲ್ಲ ಒಂದೇ ಮೇಜಿಗೆ ಮುತ್ತಿಕೊಂಡು ತಿನ್ನುವುದು ಹಿಂದಿನಿಂದ ನಡೆದು ಬಂದದ್ದು. ಅದನ್ನೂ ಬಿಡು ಎಂದರೆ ಅವನು ಬಿಡುತ್ತಿರಲಿಲ್ಲ. ಬಸ್ಸೂ ಇಲ್ಲ, ಆ ಮೇಜೂ ಇಲ್ಲ ಎಂದರೆ ಅವನಿಗೆ ಮಿಕ್ಕಿದ್ದಾದರೂ ಏನು? ಹಾಗಾಗಿ ಅವಳೇ ಬೆಳಿಗ್ಗೆ ಬೇಗ ಎದ್ದು ಅವನ ಜೊತೆ ಬರತೊಡಗಿದಳು. ಅವಳು ಇಸ್ತ್ರಿ ಮಾಡುವ ಲಾಂಡ್ರಿ ಅದೇ ಬೀದಿಯಲ್ಲಿತ್ತು. ಆರ್ಡರ್ ಕೊಡುವುದು ಅವಳು, ತಿನ್ನುವುದು ಅವನು, ಅವನ ಕೊನೆಯ ತುತ್ತಿನವರೆಗೂ ಪಕ್ಕದಲ್ಲಿ ಕಾವಲು ನಿಲ್ಲುವುದೂ ಅವಳೇ.

"ಅತ್ತಿಗೆ, ನಮ್ಮ ಕ್ಯಾಪ್ಟನ್‌ಗೆ ಬರೀ ಸಿಪ್ಪೆ ತಿನ್ನಿಸ್ತೀರಲ್ಲ, ಪಾಪ," ಎನ್ನುತ್ತಿದ್ದ ಕುಳ್ಳ. ಅವನೂ ಡ್ರೈವರ್, ಗಂಡನ ಹಳೆಯ ಗೆಳೆಯ. ಅವನ ಮುಂದೆ ಎಳ್ಳಿನ ಬೇಗಲ್, ಬದಿಯಿಂದ ಉಕ್ಕಿ ಬರುತ್ತಿರುವ ಚೀಸು.

"ನೀವು ತಿನ್ನಿ. ನಿಮ್ಮ ಬಸ್ಸು ನಿಮ್ಮ ಕೈಯಲ್ಲೇ ಇದೆಯಲ್ಲ," ಎಂದಳು ಅವಳು ಒಂದು ದಿನ.

ಕುಳ್ಳ ಉಕ್ಕಿದ ಚೀಸನ್ನು ಬೆರಳಲ್ಲಿ ಒಳಕ್ಕೆ ತಳ್ಳಿದ. ಗಂಡ ತಲೆ ಎತ್ತಲಿಲ್ಲ. ಅವಳ ಮಾತು ನಾಟಿದ್ದು ಕುಳ್ಳನಿಗಲ್ಲ, ತನ್ನ ಗಂಡನಿಗೇ ಎಂಬುದು ಅವಳಿಗೆ ಹೊಳೆದದ್ದು ಲಾಂಡ್ರಿಯ ಬಾಗಿಲು ಹತ್ತುವಾಗ. ಅಷ್ಟು ಹೊತ್ತಿಗೆ ಇಸ್ತ್ರಿ ಪೆಟ್ಟಿಗೆ ಕಾದಿತ್ತು.

ಲಾಂಡ್ರಿಯಲ್ಲಿ ಹಬೆಯ ನಡುವೆ ನಿಂತು ಅವಳು ಅಂಗಿಗಳ ಕಾಲರು ಒತ್ತುತ್ತಿದ್ದಳು. ಕೈಗೆಟಕುವ ಮೊಳೆಗೆ ಚೀಲ ನೇತಾಡುತ್ತಿತ್ತು. ಒಂದು ಅಂಗಿ ಮುಗಿದರೆ ಒಂದು ತುಂಡು ತಿರುಳು. ಅದನ್ನು ಚೀಸಿಗೆ ಅದ್ದಿ ಬಾಯಿಗೆ ಹಾಕಿಕೊಂಡರೆ ಅಗಿಯುವ ಕೆಲಸವೇ ಇಲ್ಲ, ಕರಗಿ ಇಳಿದುಹೋಗುತ್ತಿತ್ತು. ಜಾಮ್ ಪೊಟ್ಟಣವನ್ನು ಹಲ್ಲಿನಲ್ಲಿ ಹರಿದು ಮಿಕ್ಕ ತುಂಡಿಗೆ ಹಿಂಡುವುದು. ಹಬೆಗೆ ಗಂಟಲು ಒಣಗಿದಾಗ ಹಣ್ಣಿನ ರಸ. ಇದ್ಯಾವುದೂ ಅವಳ ಲೆಕ್ಕದಲ್ಲಿ ತಿನ್ನುವುದಲ್ಲ. ತಿನ್ನುವುದೆಂದರೆ ತಟ್ಟೆ ಇಟ್ಟುಕೊಂಡು ಕೂತು ತಿನ್ನುವುದು. ಇದು ಹಾಳಾಗುವುದನ್ನು ಉಳಿಸುವುದು. ಅವಳ ಅಮ್ಮ, ಅಮ್ಮನ ಅಕ್ಕತಂಗಿಯರು ಎಲ್ಲರೂ ಹೀಗೇ ನಿಂತುಕೊಂಡೇ ಉಳಿಸಿದವರು. ಅವರಲ್ಲಿ ಯಾರೂ ತಾವು ತಿಂದೆವೆಂದು ಹೇಳಿಕೊಂಡವರಲ್ಲ.

ಬರುಬರುತ್ತ ಬಾಯಾರಿಕೆ ಹೆಚ್ಚಾಯಿತು. ಹಬೆಯ ಕೆಲಸ, ಬಾಯಾರದೆ ಏನು ಎಂದುಕೊಂಡಳು. ಸಂಜೆ ಕಾಲು ಜೋಮು ಹಿಡಿಯುತ್ತಿತ್ತು. ನಿಂತೇ ಇರುವವರಿಗೆ ಹಿಡಿಯದೆ ಇನ್ನಾರಿಗೆ? ಬಿಳಿ ಅಂಗಿಯ ಬಿಳಿ ಗುಂಡಿಗಳು ಒಮ್ಮೊಮ್ಮೆ ಕಣ್ಣಿಗೆ ಎರಡೆರಡಾಗಿ ಕಂಡವು. ಅದಕ್ಕೂ ಒಂದು ಕಾರಣ ಸಿಕ್ಕಿತು, ಮೇಲಿನ ದೀಪ ಮಂಕಾಗಿದೆ ಎಂದು. ಅವಳ ತಲೆಯಲ್ಲಿ ಒಂದೇ ಕಾಯಿಲೆಗೆ ಜಾಗವಿತ್ತು, ಆ ಜಾಗದಲ್ಲಿ ಗಂಡ ಕೂತಿದ್ದ.

ಒಂದು ಬೆಳಿಗ್ಗೆ ಅವಳು ಕೊಡೆ ಮರೆತು ಅಂಗಡಿಗೆ ವಾಪಸ್ ಬಂದಳು. ಗಾಜಿನಾಚೆಗೆ ಕಂಡದ್ದು ಕುಳ್ಳನ ತಟ್ಟೆಯಿಂದ ಗಂಡನ ಬಾಯಿಗೆ ಹೋಗುತ್ತಿದ್ದ ಎಳ್ಳಿನ ಬೇಗಲ್. ಗಂಡ ಕಣ್ಣು ಮುಚ್ಚಿಕೊಂಡು ಕಚ್ಚಿದ. ಅವನ ಮುಖದಲ್ಲಿ ಆ ಹೊತ್ತು ಅಂಥದೊಂದು ಸುಖವಿತ್ತು. ಅವಳು ಅದನ್ನು ಬಹಳ ಕಾಲದಿಂದ ನೋಡಿರಲಿಲ್ಲ, ಬಹುಶಃ ಅದಕ್ಕೇ ಅಷ್ಟು ಸಿಟ್ಟು ಬಂತು.

ಅವಳು ಬಾಗಿಲು ತಳ್ಳಿ ನೇರ ಮೇಜಿನ ಬಳಿ ಹೋಗಿ ಅವನ ಬಾಯಿಯ ಮುಂದೆ ಅಂಗೈ ಒಡ್ಡಿದಳು.

"ಉಗೀರಿ."

"ಏಯ್, ಏನಿದು," ಎಂದ ಅವನು ತುಂಬಿದ ಬಾಯಲ್ಲಿ.

"ನಾನು ಇಷ್ಟು ಬೆಳಿಗ್ಗೆ ಎದ್ದು ಬಂದು ಸಾಯ್ತಿರೋದು ಯಾರಿಗೋಸ್ಕರ? ಉಗೀರಿ ಅಂದೆ."

"ಅತ್ತಿಗೆ, ಒಂದು ತುತ್ತು ಅಷ್ಟೇ, ತಪ್ಪು ನಂದೇ," ಎಂದ ಕುಳ್ಳ. ಅವಳು ಅವನ ಕಡೆ ತಿರುಗಲಿಲ್ಲ. ಡ್ರೈವರುಗಳು ಒಬ್ಬೊಬ್ಬರಾಗಿ ತಮ್ಮ ಕಾಫಿಯೊಳಗೆ ಇಣುಕತೊಡಗಿದರು. ಗಂಡ ಅವಳನ್ನೇ ನೋಡುತ್ತ, ಅಗಿದದ್ದನ್ನು ಅವಳ ಅಂಗೈಗೆ ಉಗಿದ. ಎಲ್ಲರೂ ನೋಡಿದರು.

ಅವಳು ಆ ಮುದ್ದೆಯನ್ನು ಕಸದ ಡಬ್ಬಕ್ಕೆ ಹಾಕಿ, ಕಚ್ಚಿ ಬಿಟ್ಟಿದ್ದ ಬೇಗಲ್ಲನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟಳು. ಲಾಂಡ್ರಿಯಲ್ಲಿ ಒಂದೇ ಕಾಲರನ್ನು ಎರಡೆರಡು ಸಲ ಒತ್ತಿದಳು. ಹಾಗೆ ಮಾಡಬಾರದಿತ್ತೇನೋ. ಮಾಡದಿದ್ದರೆ ಇನ್ನು ಹೇಗೆ? ಎರಡನ್ನೂ ತನಗೆ ತಾನೇ ಹೇಳಿಕೊಳ್ಳುತ್ತ ಅವಳು ಆ ಎಳ್ಳಿನ ಬೇಗಲ್ಲನ್ನು ಪೂರ್ತಿ ತಿಂದು ಮುಗಿಸಿದಳು.

ಆ ದಿನದಿಂದ ಗಂಡ ಅವಳು ಹೇಳಿದ್ದನ್ನೆಲ್ಲ ಕೇಳಿದ. ಬೇಕಾದ್ದಕ್ಕಿಂತ ಹೆಚ್ಚು ಒಂದು ಮಾತನ್ನೂ ಆಡಲಿಲ್ಲ. ಕೊಟ್ಟದ್ದನ್ನು ತಿನ್ನುತ್ತಿದ್ದ, ಎದ್ದು ಬೂಟು ಹಾಕಿಕೊಂಡು ಹೋಗುತ್ತಿದ್ದ. ಅವನ ಹೊಟ್ಟೆ ಇಳಿಯಿತು, ಪ್ಯಾಂಟು ಸಡಿಲವಾಯಿತು. ಅವಳ ಅಂಗಿಯ ಪಕ್ಕದ ಹೊಲಿಗೆ ಬಿಚ್ಚಬೇಕಾಯಿತು.

ತಪಾಸಣೆಯ ದಿನ ಅವಳೂ ರಜೆ ಹಾಕಿ ಡಿಪೋದ ದವಾಖಾನೆಗೆ ಹೋದಳು. ನರ್ಸು ಗಂಡನ ರಕ್ತ ಪರೀಕ್ಷೆ ಮುಗಿಸಿ, ಕಾಗದ ನೋಡಿ, ಕನ್ನಡಕ ಮೇಲೆತ್ತಿದರು. "ಅಬ್ಬ, ಇಷ್ಟು ಚೆನ್ನಾಗಿ ಇಳಿಸಿದವರನ್ನ ನಾನು ನೋಡೇ ಇಲ್ಲ. ಏನು ಮಾಡಿದ್ರಿ?"

"ನಾನೇನೂ ಮಾಡ್ಲಿಲ್ಲ," ಎಂದ ಗಂಡ. "ಮಾಡಿದ್ದೆಲ್ಲ ಇವಳು."

ಅದು ಹೊಗಳಿಕೆಯೋ ದೂರೋ ಅವಳಿಗೆ ತಿಳಿಯಲಿಲ್ಲ. ಆದರೂ ಎದೆ ಹಗುರಾಯಿತು. ಸ್ಟಿಯರಿಂಗ್ ವಾಪಸ್ ಬಂತು. ನಾಳೆಯಿಂದಲೇ ಬಸ್ಸು.

"ಬಂದಿದ್ದೀರಲ್ಲ, ನಿಮ್ಮದೂ ಒಂದು ಸಲ ನೋಡಿಬಿಡೋಣ," ಎಂದು ನರ್ಸು ಅವಳ ಬೆರಳಿಗೆ ಸೂಜಿ ಚುಚ್ಚಿದರು. ಯಂತ್ರ ತೋರಿಸಿದ್ದನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಕೈಗೆ ಏನಾದ್ರೂ ಸಿಹಿ ಅಂಟಿದೆಯೇನೋ. ಸೋಪು ಹಚ್ಚಿ ತೊಳ್ಕೊಂಡು ಬನ್ನಿ."

ಅವಳು ತೊಳೆದಳು, ಉಗುರಿನ ಸಂದನ್ನೂ ಬಿಡದೆ ಉಜ್ಜಿ ತೊಳೆದಳು. ಇನ್ನೊಂದು ಬೆರಳಿಗೆ ಚುಚ್ಚಿದರು. ಅದೇ ಬಂತು.

"ಇದು ಇವತ್ತು ನಿನ್ನೆ ಏರಿದ ಸಕ್ಕರೆ ಅಲ್ಲ, ಅಮ್ಮ. ಬಾಯಾರಿಕೆ ಆಗುತ್ತಾ? ಕಣ್ಣು ಮಂಜು?"

"ನಂದು ಹಬೆ ಕೆಲಸ."

"ಬೆಳಿಗ್ಗೆ ಏನು ತಿಂತೀರಿ?"

"ಏನೂ ಇಲ್ಲ. ನಾನು ತಿಂಡಿ ತಿನ್ನೋಳಲ್ಲ."

"ಏನೂ ಅಂದ್ರೆ ಏನೂ ಇಲ್ವಾ?" ಎಂದರು ನರ್ಸು. ಅವಳು ಚೀಲ ಮುಟ್ಟಿ ನೋಡಿಕೊಂಡಳು. "ಇವರ ಬೇಗಲ್ಲಲ್ಲಿ ಕಿತ್ತು ತೆಗೀತಾರಲ್ಲ, ಆ ತಿರುಳು ಅಷ್ಟೇ. ಮತ್ತೆ ಮಿಕ್ಕ ಚೀಸು. ಸೆಟ್ಟಿನ ಜೊತೆ ಬರೋ ಹಣ್ಣಿನ ರಸ. ಜಾಮು." ಒಂದೊಂದನ್ನೂ ಹೇಳುತ್ತ ಅವಳ ದನಿ ಇಳಿಯಿತು. ಕೊನೆಯದನ್ನು ಹೇಳುವಾಗ ಅವಳು ಮೊದಲ ಸಲ ಅವನ್ನೆಲ್ಲ ಒಟ್ಟಿಗೆ, ಒಂದೇ ತಟ್ಟೆಯಲ್ಲಿ ಇಟ್ಟು ನೋಡಿದಳು. "ಹಾಳಾಗುತ್ತಲ್ಲ ಅಂತ," ಎಂದಳು.

"ಅವರಿಗೆ ಬೇಡ ಅಂದದ್ದನ್ನೆಲ್ಲ ನೀವು ತಿಂದಿದ್ದೀರಿ," ಎಂದರು ನರ್ಸು ಮೆಲ್ಲಗೆ. "ಇನ್ನು ಅವರು ತಿಂದ ಹಾಗೆ ನೀವು ತಿನ್ನಬೇಕು. ಅವರೂ ಪಥ್ಯ ಬಿಡೋ ಹಾಗಿಲ್ಲ, ನೆನಪಿರಲಿ. ನಿಮ್ಮ ಕಣ್ಣು, ಪಾದ ಎರಡನ್ನೂ ಬೇಗ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ."

ಹೊರಗೆ ಬಂದಾಗ ಗಂಡ ಕಾಗದವನ್ನು ಜೇಬಿಗಿಟ್ಟು, ತೆಗೆದು, ಮತ್ತೆ ಇಟ್ಟ. "ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ. ಈಗಿನ ಕಾಲದಲ್ಲಿ ಎಲ್ಲರಿಗೂ ಇರೋದೇ," ಎಂದ.

ಎಲ್ಲರಿಗೂ ಇರುವ ಅದೇ ಕಾಯಿಲೆ ಅವನಿಗೆ ಬಂದಾಗ ಮನೆಯಲ್ಲಿ ಒಲೆ ಉರಿಯಲಿಲ್ಲ ಎಂದು ಹೇಳಬೇಕೆನಿಸಿತು. ಇವತ್ತು ಅವನ ದಿನ, ಯಾಕೆ ಹಾಳು ಮಾಡುವುದು ಎಂದು ನುಂಗಿಕೊಂಡಳು.

ಸಂಜೆ ಅವನು ಡ್ರೈವರ್ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಕೊಟ್ಟ. ಅವಳು ಇಸ್ತ್ರಿ ಮಾಡುತ್ತ ಹೇಳಿದಳು: "ಒಂದು ಮಾತು ಕೇಳ್ತೀನಿ, ನಡೆಸಿಕೊಡ್ತೀರಾ? ನಾಳೆ ಅಂಗಡೀಲಿ ನೀವೇ ನನಗೆ ಆರ್ಡರ್ ಕೊಡಿ. ನನಗೆ ನನ್ನ ಬಗ್ಗೆ ಹೇಳೋಕೆ ಬಾಯಿ ಬರಲ್ಲ. ಅದು ಬೇಡ ಇದು ಬೇಡ ಅಂತ ನೀವು ನಿಂತು ಹೇಳಿದ್ರೆ ನಾನು ತಿಂತೀನಿ."

"ಇಷ್ಟೇ ತಾನೆ? ಆಯ್ತು ಬಿಡು," ಎಂದ ಅವನು ಗುಂಡಿಗಳನ್ನು ಬೆರಳಲ್ಲಿ ಮುಟ್ಟಿ ನೋಡುತ್ತ.

ಮರುದಿನ ಅಂಗಡಿಯಲ್ಲಿ ಅವನು ಕಾಲಿಟ್ಟದ್ದೇ ಡ್ರೈವರುಗಳು ಮೇಜು ತಟ್ಟಿ ಸ್ವಾಗತಿಸಿದರು. "ಕ್ಯಾಪ್ಟನ್ ಹಡಗು ಹತ್ತಿದ್ರಪ್ಪೋ," ಎಂದ ಕುಳ್ಳ. ಗಂಡನ ನಡಿಗೆಯೇ ಬದಲಾಗಿತ್ತು. ಇಷ್ಟು ಕಾಲ ಅವಳ ಬೆನ್ನ ಹಿಂದೆ ನಿಲ್ಲುತ್ತಿದ್ದವನು ಇವತ್ತು ಮುಂದೆ ಹೋಗಿ ಕೌಂಟರಿನ ಮೇಲೆ ಎರಡೂ ಕೈ ಊರಿದ. ಅವಳು ಹಿಂದೆ ನಿಂತಳು. ಬೆನ್ನ ಹಿಂದಿನಿಂದ ಗಾಜಿನ ಪೆಟ್ಟಿಗೆ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು.

"ನನಗೆ ಒಂದು ಎಳ್ಳಿನ ಬೇಗಲ್. ಬಿಳೀದು. ತಿರುಳು ಗಿರುಳು ಮುಟ್ಟಬೇಡಿ. ಚೀಸು ಧಾರಾಳವಾಗಿ ಹಾಕಿ, ಇಡೀ ಮೊಟ್ಟೆ. ಕಾಫಿಗೆ ಸಕ್ಕರೆ."

ಕೌಂಟರಿನಾಕೆ ಅವನ ಭುಜದ ಮೇಲಿಂದ ಅವಳನ್ನು ನೋಡಿದಳು.

"ಅವಳನ್ನ ಏನು ನೋಡ್ತೀರಿ? ಪಾಸಾಗಿದೀನಿ. ಒಂದು ದಿನಕ್ಕೇನೂ ಆಗಲ್ಲ."

"ಅಕ್ಕನಿಗೆ?"

ಅವಳು ಅವನ ಬೆನ್ನನ್ನೇ ನೋಡಿದಳು. ಇಸ್ತ್ರಿಯ ಗೆರೆ ಭುಜದಿಂದ ತೋಳಿನವರೆಗೆ ನೆಟ್ಟಗೆ ಇತ್ತು.

"ಅವಳಿಗೆ ಯಾವಾಗಿನದ್ದೇ," ಎಂದ ಅವನು, ಆಗಲೇ ಮೇಜಿನ ಕಡೆ ತಿರುಗುತ್ತ.

"ಯಾವಾಗಿನದ್ದು ಅಂದ್ರೆ ಏನಣ್ಣ? ಅಕ್ಕ ಇಲ್ಲಿ ಯಾವತ್ತೂ ಏನೂ ತಗೊಂಡಿಲ್ವಲ್ಲ."

ಅವನು ನಿಂತ. ಏನೋ ನೆನಪು ಮಾಡಿಕೊಳ್ಳುವವನ ಹಾಗೆ ಅವಳ ಮುಖ ನೋಡಿದ. ಅಷ್ಟರಲ್ಲಿ ಕುಳ್ಳ ಕುರ್ಚಿ ಎಳೆದು ಕೂಗಿದ. "ಏನು ಬೇಕೋ ಕೇಳ್ಕೊ," ಎಂದು ಗಂಡ ಹೋಗಿ ಕೂತುಬಿಟ್ಟ.

ಅವಳು ಮುಂದೆ ಬಂದಳು. ಅಷ್ಟು ದಿನ ಗಿಳಿಪಾಠದಂತೆ ಒಪ್ಪಿಸಿದ ಮಾತು ಈಗ ತುಂಡು ತುಂಡಾಗಿ ಬಂತು. "ಒಂದು ಇಡಿಗೋಧಿ," ಎಂದಳು. "ತಿರುಳು ತೆಗೆದು. ಚೀಸ್ ಅರ್ಧ. ಮೊಟ್ಟೇದು ಬಿಳಿ." ಸ್ವಲ್ಪ ತಡೆದು, "ನನಗೇ," ಎಂದಳು, ಯಾರೋ ಅನುಮಾನಪಟ್ಟರೇನೋ ಎಂಬಂತೆ.

ಕೌಂಟರಿನಾಕೆ ಬೇಗಲ್ ಸೀಳಿದಳು, ಕಿತ್ತಳು. ತಿರುಳಿನ ಮುದ್ದೆ ಅಂಗೈಯಲ್ಲಿ ಹಬೆಯಾಡುತ್ತಿತ್ತು. "ಇದನ್ನ?"

ಅವಳ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ಅವಳು ಆ ಕೈಯನ್ನು ಹಿಂದಕ್ಕೆ ಎಳೆದು ಚೀಲದ ಹಿಡಿ ಹಿಡಿದುಕೊಂಡಳು.

"ಇಲ್ಲಿ ಕೊಡಿ ಇಲ್ಲಿ," ಎಂದ ಗಂಡ ಮೇಜಿನಿಂದ. "ಯಾಕೆ ಹಾಳು ಮಾಡೋದು, ನಾನು ತಿಂತೀನಿ."

ಕೌಂಟರಿನಾಕೆ ಮತ್ತೆ ಅವಳನ್ನು ನೋಡಿದಳು. ಅಂಗೈ ಒಡ್ಡಿ 'ಬೇಡ' ಎನ್ನಲು ಒಂದು ಗಳಿಗೆ ಸಾಕಿತ್ತು. ಅವನ ಸ್ಟಿಯರಿಂಗು, ಮುಂದಿನ ವರ್ಷದ ತಪಾಸಣೆ, ರಬ್ಬರ್ ಬೂಟು ಎಲ್ಲವೂ ಅವಳ ಕಣ್ಣ ಮುಂದೆ ಬಂದವು. ಅವಳು ಕೈ ಒಡ್ಡಲಿಲ್ಲ. "ಕೇಳ್ತಿದಾರಲ್ಲ, ಕೊಡಿ," ಎಂದಳು.

ಮೇಜಿನ ತುದಿಯಲ್ಲಿ ಅರ್ಧ ಕುರ್ಚಿಯಷ್ಟು ಜಾಗ ಮಾಡಿಕೊಟ್ಟರು. ಅವಳು ತಟ್ಟೆ ಇಟ್ಟುಕೊಂಡು ಕೂತಳು. ಗಂಡ ತನ್ನ ಬೇಗಲ್ ಮುಗಿಸಿ, ಅವಳ ತಿರುಳನ್ನು ಚೀಸಿಗೆ ಅದ್ದಿ ಅದ್ದಿ ತಿನ್ನುತ್ತಿದ್ದ, ಕಣ್ಣು ಮುಚ್ಚಿಕೊಂಡು. ಅವಳು ತನ್ನದನ್ನು ಕಚ್ಚಿದಳು. ಹೊರಗಿನ ಗಟ್ಟಿ ಚರ್ಮ ಒಸಡಿಗೆ ಒತ್ತಿತು. ಎಷ್ಟು ಅಗಿದರೂ ಇಳಿಯದು.

"ತುಂಬಾ ಗಟ್ಟಿ ಕಣ್ರೀ ಇದು."

"ಹೂಂ. ಮೆಲ್ಲಗೆ ಅಗೀಬೇಕು. ಇಲ್ದಿದ್ರೆ ಗಂಟಲಿಗೆ ಚುಚ್ಚುತ್ತೆ."

"ಇಷ್ಟು ದಿನ ನನಗೆ ಹೇಳ್ಲೇ ಇಲ್ಲ ನೀವು."

"ಹೇಳ್ತಾನೇ ಇದ್ದೆ," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಬರೀ ನನ್ನ ತಟ್ಟೆ ನೋಡ್ತಿದ್ದೆ."

ಅವನು ಬಾಯಿ ಒರೆಸಿಕೊಂಡು ಎದ್ದ. ಡ್ರೈವರುಗಳು ಅವನ ಹಿಂದೆಯೇ ಎದ್ದು ನಗುತ್ತ ಹೋದರು. ಅವನ ತಟ್ಟೆಯ ಅಂಚಿನಲ್ಲಿ ಒಂದು ಉಂಡೆ ಚೀಸೂ ಎರಡು ತುಂಡು ತಿರುಳೂ ಉಳಿದಿದ್ದವು. ಅವಳು ಅವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತನ್ನ ಬಾಯಲ್ಲಿದ್ದದ್ದನ್ನು ಅಗಿಯತೊಡಗಿದಳು. ಅದು ಇನ್ನೂ ಇಳಿದಿರಲಿಲ್ಲ.